ಶಿಬಿರದ ನಂತರದ ಕೆಲಸ: ದುಡಿಯುವ ಸ್ಥಳದಲ್ಲಿ ಕ್ಯಾನ್ಸರ್ ತಪಾಸಣೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರನ್ನು ಸ್ಥಳದಲ್ಲಿಯೇ ಪರೀಕ್ಷಿಸುವ ಕಿಟ್ ಸದಸ್ಯರಿಗೆಲ್ಲ ಪರಿಚಿತವಾದುದೇ. ತರಬೇತಿ ಪಡೆದ ಮಹಿಳೆಯರು ನೀರಿನ ಮಾದರಿಗೆ ರಾಸಾಯನಿಕವನ್ನು ಬೆರೆಸಿ ಬಣ್ಣವನ್ನು ನೋಡುತ್ತಾರೆ. ಬಣ್ಣ ಬದಲಾದ ಮಾತ್ರಕ್ಕೆ ಆ ಕೊಳವೆಬಾವಿಯನ್ನು ಯಾರೂ ಶಾಶ್ವತವಾಗಿ ಮುಚ್ಚುವುದಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ, ವರದಿ ಬಂದ ಮೇಲೆ ಕ್ರಮ ಕೈಗೊಳ್ಳುತ್ತಾರೆ. ಮಾದರಿಯು ಪ್ರಯೋಗಾಲಯವನ್ನು ತಲುಪದೇ ಹೋದರೆ ಸ್ಥಳದಲ್ಲಿ ಮಾಡಿದ ಪರೀಕ್ಷೆ ವ್ಯರ್ಥ.

ಕ್ಯಾನ್ಸರ್ ತಪಾಸಣೆಯ ಕ್ರಮವೂ ಇಂತಹುದೇ. ತಪಾಸಣೆ ಎಂದರೆ ರೋಗನಿರ್ಣಯವಲ್ಲ. ಯಾವ ತೊಂದರೆಯೂ ಇಲ್ಲವೆಂದು ತಿಳಿದಿರುವ ವ್ಯಕ್ತಿಯಲ್ಲಿ ಅನುಮಾನಾಸ್ಪದ ಚಿಹ್ನೆ ಇದೆಯೇ ಎಂದು ನೋಡುವುದು ತಪಾಸಣೆ. ಆ ಚಿಹ್ನೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಆಸ್ಪತ್ರೆಯಲ್ಲಿ ಖಚಿತಪಡಿಸುವುದು ರೋಗನಿರ್ಣಯ. ಇವೆರಡರ ನಡುವೆ ಇರುವ ದಾರಿಯಲ್ಲಿಯೇ ಬಹಳಷ್ಟು ಜನ ಹಿಂದೆ ಉಳಿಯುತ್ತಾರೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಜೊತೆಗೆ ಬರುವವರಿಲ್ಲದಿರುವುದು, ಊರಿನವರಿಗೆ ತಿಳಿದೀತೆಂಬ ಭಯ, ಕೆಲಸ ಹೋದೀತೆಂಬ ಆತಂಕ ಇವು ಆ ದಾರಿಯ ಅಡ್ಡಿಗಳು. ಇವುಗಳಲ್ಲಿ ಒಂದನ್ನೂ ವೈದ್ಯರು ನಿವಾರಿಸಲಾರರು. ಉದ್ಯೋಗ ನೀಡಿದವರು ಮತ್ತು ಸ್ಥಳೀಯ ಸರ್ಕಾರವಾದ ಗ್ರಾಮ ಪಂಚಾಯತಿ ಮಾತ್ರ ನಿವಾರಿಸಬಲ್ಲರು. ಆದುದರಿಂದ ಇಂದಿನ ವಿಷಯವು ಆರೋಗ್ಯ ಇಲಾಖೆಗೆ ಎಷ್ಟು ಸೇರಿದೆಯೋ ಪಂಚಾಯತಿಗೂ ಅಷ್ಟೇ ಸೇರಿದೆ. ಸಂವಿಧಾನದ 11ನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಆರೋಗ್ಯ ಮತ್ತು ನೈರ್ಮಲ್ಯವನ್ನೂ ಹೆಸರಿಸಿದೆ.

ಯಾವ ಕ್ಯಾನ್ಸರ್, ಯಾವ ತಪಾಸಣೆ

ಎಲ್ಲ ಬಗೆಯ ಕ್ಯಾನ್ಸರನ್ನೂ ಹಳ್ಳಿಯ ಮಟ್ಟದಲ್ಲಿ ತಪಾಸಣೆ ಮಾಡಲು ಸಾಧ್ಯವಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮವು 30 ವರ್ಷ ಮೇಲ್ಪಟ್ಟವರಿಗಾಗಿ ಮೂರು ಕ್ಯಾನ್ಸರ್‌ಗಳನ್ನು ಆಯ್ದುಕೊಂಡಿದೆ: ಬಾಯಿಯ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಮತ್ತು ಗರ್ಭಕಂಠದ ಕ್ಯಾನ್ಸರ್. ಈ ಮೂರೂ ಕಣ್ಣಿಗೆ ಕಾಣುವ ಅಥವಾ ಕೈಗೆ ಸಿಗುವ ಜಾಗದಲ್ಲಿ ಆರಂಭವಾಗುತ್ತವೆ. ದುಬಾರಿ ಯಂತ್ರಗಳಿಲ್ಲದೆಯೇ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಇವುಗಳ ಮೊದಲ ಹಂತದ ತಪಾಸಣೆಯನ್ನು ಮಾಡಬಲ್ಲರು. ಕಾರ್ಯಕ್ರಮದ ಪ್ರಕಾರ ಈ ತಪಾಸಣೆಯನ್ನು 5 ವರ್ಷಗಳಿಗೊಮ್ಮೆ ಮಾಡಿಸಿಕೊಳ್ಳಬೇಕು.

ಬಾಯಿಯ ತಪಾಸಣೆಗೆ ಬೆಳಕು ಮತ್ತು ಕೆಲವು ನಿಮಿಷಗಳ ಸಮಯ ಸಾಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿಯನ್ನು ಪೂರ್ಣವಾಗಿ ತೆರೆಯಲು ಆಗದಿರುವುದು ಇವು ಎಚ್ಚರಿಕೆಯ ಚಿಹ್ನೆಗಳು. ಸ್ತನ ತಪಾಸಣೆಯನ್ನು ತರಬೇತಿ ಪಡೆದ ಮಹಿಳಾ ಸಿಬ್ಬಂದಿ ಕೈಯಿಂದ ಮುಟ್ಟಿ ಮಾಡುತ್ತಾರೆ. ಗಂಟು, ಚರ್ಮ ಒಳಗೆ ಸೆಳೆದಂತಾಗುವುದು, ತೊಟ್ಟಿನಿಂದ ರಕ್ತ ಅಥವಾ ದ್ರವ ಸೋರುವುದು, ಆಕಾರದಲ್ಲಿ ಹೊಸದಾಗಿ ಬಂದ ವ್ಯತ್ಯಾಸ ಇವುಗಳನ್ನು ಅಲಕ್ಷಿಸಬಾರದು. ಗರ್ಭಕಂಠದ ತಪಾಸಣೆಯಲ್ಲಿ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ ಒಂದು ನಿಮಿಷದ ನಂತರ ಬಿಳಿಯ ಕಲೆ ಮೂಡುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ವಿಐಎ ಪರೀಕ್ಷೆ ಎನ್ನುತ್ತಾರೆ. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮುಟ್ಟಿನ ನಡುವೆ ಅಥವಾ ದೈಹಿಕ ಸಂಪರ್ಕದ ನಂತರ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಇರುವವರು ತಪಾಸಣೆಯ ಸರದಿಗಾಗಿ ಕಾಯದೆ ನೇರವಾಗಿ ವೈದ್ಯರನ್ನು ಕಾಣಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆರಂಭದ ಹಂತದ ಕ್ಯಾನ್ಸರ್ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. "ನೋವಿಲ್ಲವಲ್ಲ, ಏನೂ ಆಗಿರಲಿಕ್ಕಿಲ್ಲ" ಎಂಬ ಸಮಾಧಾನವೇ ಅನೇಕರನ್ನು ತಡಮಾಡಿಸುತ್ತದೆ. ನೋವು ಬಂದ ಮೇಲೆ ಆಸ್ಪತ್ರೆಗೆ ಓಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ತಪಾಸಣೆಯಿಂದ ಜೀವ ಉಳಿಯುತ್ತದೆಯೇ

ಈ ಪ್ರಶ್ನೆಯನ್ನು ಸದಸ್ಯರು ಕೇಳಲೇಬೇಕು. ಉತ್ತರವು ಭಾರತದಲ್ಲಿಯೇ, ಸಾಮಾನ್ಯ ಜನರ ನಡುವೆ ನಡೆದ ದೀರ್ಘ ಅಧ್ಯಯನಗಳಲ್ಲಿ ದೊರೆಯುತ್ತದೆ.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಬಾಯಿಯ ಕ್ಯಾನ್ಸರ್ ಅಧ್ಯಯನಕ್ಕೆ 13 ಪಂಚಾಯತಿಗಳನ್ನೇ ಘಟಕಗಳನ್ನಾಗಿ ಆಯ್ದುಕೊಳ್ಳಲಾಯಿತು. 7 ಪಂಚಾಯತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯ ತಪಾಸಣೆ ನಡೆಸಿದರು. 6 ಪಂಚಾಯತಿಗಳನ್ನು ಹೋಲಿಕೆಗಾಗಿ ಇಟ್ಟುಕೊಳ್ಳಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರ್ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಈ ಚಟಗಳಿಲ್ಲದವರಲ್ಲಿ ಅಂತಹ ಲಾಭ ಕಾಣಲಿಲ್ಲ. ಅಂದರೆ ಬಾಯಿಯ ತಪಾಸಣೆಗೆ ಮೊದಲು ಕರೆಯಬೇಕಾದವರು ಯಾರು ಎಂಬುದು ಇದರಿಂದ ಸ್ಪಷ್ಟ.

ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.31 ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರನ್ನೊಳಗೊಂಡ ಗರ್ಭಕಂಠ ಕ್ಯಾನ್ಸರ್ ಅಧ್ಯಯನ ನಡೆಯಿತು. 2009ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ, ಎಚ್‌ಪಿವಿ ವೈರಾಣುವನ್ನು ಪತ್ತೆ ಮಾಡುವ ಪರೀಕ್ಷೆಯನ್ನು ಒಂದೇ ಸಲ ಮಾಡಿದ ಗುಂಪಿನಲ್ಲಿ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ವಿಐಎ ಮಾಡಿದ ಗುಂಪಿನಲ್ಲಿ ಅಂತಹ ಇಳಿಕೆ ಕಂಡುಬರಲಿಲ್ಲ. ಆದರೆ ಮುಂಬೈಯ ಕೊಳೆಗೇರಿಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆಯಂತೆ ನಾಲ್ಕು ಸುತ್ತು ವಿಐಎ ಮಾಡಿದಾಗ ಗರ್ಭಕಂಠ ಕ್ಯಾನ್ಸರ್ ಸಾವು ಶೇಕಡ 31ರಷ್ಟು ಕಡಿಮೆಯಾಯಿತು. ಈ ಎರಡು ಫಲಿತಾಂಶಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಪಂಚಾಯತಿಗೆ ಒಂದು ಪಾಠ ಸಿಗುತ್ತದೆ: ಒಮ್ಮೆ ಶಿಬಿರ ನಡೆಸಿ ಕೈತೊಳೆದುಕೊಂಡರೆ ಸಾಲದು; ಕೆಲಸವು ಮರುಕಳಿಸಬೇಕು.

ಸ್ತನ ತಪಾಸಣೆಯ ವಿಷಯದಲ್ಲಿಯೂ ಸತ್ಯವನ್ನು ಇದ್ದಂತೆ ಹೇಳಬೇಕು. ಮುಂಬೈಯಲ್ಲಿ 20 ವರ್ಷಗಳ ಕಾಲ ನಡೆದ ಅಧ್ಯಯನದಲ್ಲಿ ಕೈಯಿಂದ ಮಾಡುವ ತಪಾಸಣೆಯು ರೋಗವನ್ನು ಮೊದಲೇ ಪತ್ತೆ ಮಾಡಿತು. 50 ವರ್ಷ ದಾಟಿದವರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು. ಅದಕ್ಕಿಂತ ಕಿರಿಯರಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ. ಆದಕಾರಣ 50 ದಾಟಿದ ಮಹಿಳೆಯರನ್ನು "ಇನ್ನು ಈ ವಯಸ್ಸಿನಲ್ಲಿ ಏಕೆ" ಎಂದು ಬಿಟ್ಟುಬಿಡುವುದು ಸರ್ವಥಾ ಸಲ್ಲದು.

ಇಷ್ಟೆಲ್ಲ ತಿಳಿದಿದ್ದರೂ ತಪಾಸಣೆ ಎಷ್ಟು ಜನರನ್ನು ತಲುಪಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇಕಡ 1.9 ಮಾತ್ರ, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇಕಡ 0.9. ನೂರು ಮಹಿಳೆಯರಲ್ಲಿ ತೊಂಬತ್ತೆಂಟು ಜನ ಹೊರಗೇ ಉಳಿದಿದ್ದಾರೆ. ಆ ಬಳಿಕ ರಾಜ್ಯದಲ್ಲಿ ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಿನ ತಪಾಸಣೆ ಆರಂಭವಾಗಿದೆ. ಆದರೆ ಆರೋಗ್ಯ ಸಿಬ್ಬಂದಿ ಹಗಲಿನಲ್ಲಿ ಮನೆಗೆ ಬಂದಾಗ ದುಡಿಯುವವರು ಮನೆಯಲ್ಲಿ ಇರುವುದಿಲ್ಲ. ಮನೆಗೆ ಬೀಗ, ಮಾಲೀಕರು ಕೂಲಿಗೆ. ಆದುದರಿಂದಲೇ ತಪಾಸಣೆಯು ದುಡಿಯುವ ಸ್ಥಳದ ದಾರಿಯನ್ನೂ ಹಿಡಿಯಬೇಕಾಗಿದೆ.

ಹಳ್ಳಿಯಲ್ಲಿ ದುಡಿಯುವ ಸ್ಥಳ ಯಾವುದು

ದುಡಿಯುವ ಸ್ಥಳ ಎಂದೊಡನೆ ನಗರದ ಕಚೇರಿಯ ಚಿತ್ರ ಮನಸ್ಸಿಗೆ ಬರುವುದು ಸಹಜ. ಹಳ್ಳಿಯಲ್ಲಿ ಅದು ಉದ್ಯೋಗ ಖಾತರಿ ಕಾಮಗಾರಿ ನಡೆಯುವ ಕೆರೆಯಂಗಳ, ಅಡಿಕೆ ಸುಲಿಯುವ ಮನೆಯಂಗಳ, ಬೀಡಿ ಕಟ್ಟುವ ಜಗಲಿ, ಇಟ್ಟಿಗೆ ಗೂಡು, ಕಾಫಿ ತೋಟ, ಗಾರ್ಮೆಂಟ್ಸ್ ಕಾರ್ಖಾನೆ, ಹಾಲಿನ ಡೇರಿ, ಅಂಗನವಾಡಿ, ಶಾಲೆಯ ಅಡುಗೆಮನೆ. ಎಲ್ಲಕ್ಕಿಂತ ಮೊದಲು ಅದು ಗ್ರಾಮ ಪಂಚಾಯತಿ ಕಚೇರಿಯೇ. ನೀರುಗಂಟಿ, ಕರವಸೂಲಿಗಾರ, ಸ್ವಚ್ಛತಾಗಾರ, ಸ್ವಚ್ಛವಾಹಿನಿಯ ಚಾಲಕಿ, ಡಾಟಾ ಎಂಟ್ರಿ ಆಪರೇಟರ್, ಗ್ರಂಥಾಲಯ ಮೇಲ್ವಿಚಾರಕರು ಇವರೆಲ್ಲರ ಉದ್ಯೋಗದಾತ ಪಂಚಾಯತಿ. ತನ್ನ ನೀರುಗಂಟಿಯ ಬಾಯಿಯಲ್ಲಿ ಇರುವ ಮಾಯದ ಹುಣ್ಣನ್ನು ಗಮನಿಸದ ಪಂಚಾಯತಿಯು ಕಾರ್ಖಾನೆಯ ಮಾಲೀಕರಿಗೆ ಬುದ್ಧಿ ಹೇಳಲು ಅರ್ಹವಾಗದು. ಆದುದರಿಂದ ಕಾರ್ಯವು ಪಂಚಾಯತಿಯ ಸಿಬ್ಬಂದಿಯಿಂದಲೂ, ಸ್ವತಃ ಸದಸ್ಯರಿಂದಲೂ ಆರಂಭವಾಗುವುದು ಲೇಸು. ಸದಸ್ಯರೇ ಮೊದಲು ಬಾಯಿ ತೆರೆದು ತೋರಿಸಿದರೆ, ಸದಸ್ಯೆಯರೇ ಮೊದಲು ತಪಾಸಣಾ ಕೊಠಡಿಗೆ ಹೋಗಿ ಬಂದರೆ, ಉಳಿದವರಿಗೆ ನೂರು ಕರಪತ್ರಗಳಿಗಿಂತ ಹೆಚ್ಚಿನ ಧೈರ್ಯ ಬರುತ್ತದೆ.

ಎಲ್ಲ ತಪಾಸಣೆಯನ್ನೂ ಕೆಲಸದ ಸ್ಥಳದಲ್ಲಿಯೇ ಮಾಡಲಾಗದು, ಮಾಡಲೂಬಾರದು. ಬಾಯಿಯ ತಪಾಸಣೆಯನ್ನು, ಆಶಾ ಕಾರ್ಯಕರ್ತೆಯರು ಪ್ರಶ್ನೆ ಕೇಳಿ ತುಂಬುವ ಅಪಾಯಾಂಶಗಳ ನಮೂನೆಯನ್ನು, ಮಾಹಿತಿ ನೀಡುವ ಕಾರ್ಯವನ್ನು ಕಾಮಗಾರಿಯ ಸ್ಥಳದಲ್ಲಿ ಮಾಡಬಹುದು. ಸ್ತನ ಮತ್ತು ಗರ್ಭಕಂಠದ ತಪಾಸಣೆಗೆ ಮುಚ್ಚಿದ ಕೊಠಡಿ, ನೀರು, ಬೆಳಕು, ಮಹಿಳಾ ಸಿಬ್ಬಂದಿ ಮತ್ತು ಸ್ವಚ್ಛ ಉಪಕರಣಗಳು ಬೇಕು. ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವೇ ತಕ್ಕ ಸ್ಥಳ. ಟಾರ್ಪಾಲಿನ ಮರೆಯಲ್ಲಿ ನಡೆಸುವ ತಪಾಸಣೆಗೆ ಒಬ್ಬ ಮಹಿಳೆಯೂ ಎರಡನೆಯ ಸಲ ಬರುವುದಿಲ್ಲ.

ಸಮಯ ಮತ್ತು ಕೂಲಿಯ ಲೆಕ್ಕ

ಉದಾಹರಣೆಗಾಗಿ, ಒಂದು ಪಂಚಾಯತಿಯ ವ್ಯಾಪ್ತಿಯಲ್ಲಿ ತಪಾಸಣೆಗೆ ಅರ್ಹರಾದ 1,000 ಮಹಿಳೆಯರು ಇದ್ದಾರೆಂದು ಇಟ್ಟುಕೊಳ್ಳೋಣ. 5 ವರ್ಷಗಳಲ್ಲಿ ಎಲ್ಲರಿಗೂ ಒಮ್ಮೆ ತಪಾಸಣೆ ಆಗಬೇಕಾದರೆ ವರ್ಷಕ್ಕೆ 200, ತಿಂಗಳಿಗೆ ಸುಮಾರು 17, ವಾರಕ್ಕೆ ಕೇವಲ 4 ಮಹಿಳೆಯರು. ಸಾವಿರ ಎಂದಾಗ ಬೆಟ್ಟದಂತೆ ಕಾಣುವ ಕೆಲಸವು ವಾರಕ್ಕೆ ನಾಲ್ವರು ಎಂದಾಗ ಕೈಗೆಟುಕುತ್ತದೆ. ವರ್ಷಕ್ಕೊಂದು ಜಾತ್ರೆಯಂತಹ ಶಿಬಿರಕ್ಕಿಂತ ವಾರಕ್ಕೊಂದು ನಿಗದಿತ ದಿನ ಮೇಲು. ಸಮುದಾಯ ಆರೋಗ್ಯ ಅಧಿಕಾರಿಗೆ ಅವಸರವಿರುವುದಿಲ್ಲ, ಬಂದ ಮಹಿಳೆಗೆ ಸಾಲಿನಲ್ಲಿ ಕಾಯುವ ಮುಜುಗರವಿರುವುದಿಲ್ಲ.

ಆದರೆ ಆ ನಾಲ್ವರು ಆ ದಿನ ಬರಬೇಕಾದರೆ ಕೂಲಿಯ ಪ್ರಶ್ನೆ ಬಗೆಹರಿಯಬೇಕು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕೂಲಿಯು ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಬರುತ್ತದೆ. ಗುಂಪಿನಲ್ಲಿ ಇಬ್ಬರು ಅರ್ಧ ದಿನ ಎದ್ದು ಹೋದರೆ ಅಳತೆ ತಗ್ಗುತ್ತದೆ, ಉಳಿದವರ ಮುಖ ಗಂಟಾಗುತ್ತದೆ. ಆದುದರಿಂದ ಸ್ಥಳದ ತಪಾಸಣೆಯನ್ನು ವಿರಾಮದ ಹೊತ್ತಿಗೆ ಇಟ್ಟುಕೊಳ್ಳಬೇಕು. ಆರೋಗ್ಯ ಮಂದಿರದ ಭೇಟಿಯನ್ನು ಕೆಲಸವಿಲ್ಲದ ದಿನಕ್ಕೆ ಹೊಂದಿಸಬೇಕು. ಕಾಯಕ ಬಂಧುಗಳ ನೆರವಿನಿಂದ ಇದು ಸಾಧ್ಯ. ಪಂಚಾಯತಿಯ ಸಿಬ್ಬಂದಿಗೆ ತಪಾಸಣೆಯ ಅರ್ಧ ದಿನವನ್ನು ಕರ್ತವ್ಯದ ವೇಳೆಯೆಂದೇ ಪರಿಗಣಿಸಲು ಸಭೆಯು ತೀರ್ಮಾನಿಸಬಹುದು.

ಕಾರ್ಖಾನೆ ಮತ್ತು ತೋಟಗಳ ಆಡಳಿತದೊಡನೆ ಮಾತನಾಡಲು ಪಂಚಾಯತಿಗೆ ಹಕ್ಕೂ ಇದೆ, ಸಂಬಂಧವೂ ಇದೆ. ಅವರ ತೆರಿಗೆ ಬರುವುದು ಇಲ್ಲಿಗೇ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ನಿಗದಿಪಡಿಸಿದ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯನ್ನು ಉದ್ಯೋಗದಾತರ ಕರ್ತವ್ಯವನ್ನಾಗಿ ಮಾಡಿದೆ. 2013ರ ಕಂಪನಿ ಕಾಯ್ದೆಯಡಿ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಮುಂಜಾಗ್ರತಾ ಆರೋಗ್ಯ ಸೇವೆಗೂ ಬಳಸಲು ಅವಕಾಶವಿದೆ. ಕಾರ್ಮಿಕರನ್ನು ಹಳ್ಳಿಯಿಂದ ಕರೆದೊಯ್ಯುವ ಕಾರ್ಖಾನೆಯ ಬಸ್ಸು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ಮುಂದೆ ನಿಲ್ಲುವಂತೆ ಮಾಡುವುದು ಒಂದು ಪತ್ರ ಮತ್ತು ಒಂದು ಭೇಟಿಯಿಂದ ಆಗಬಹುದಾದ ಕೆಲಸ.

ಎರಡನೆಯ ಭೇಟಿ

ಇಂದಿನ ಉಪನ್ಯಾಸದ ಮುಖ್ಯ ವಿಷಯ ಇದೇ. ತಪಾಸಣೆಯಲ್ಲಿ ಅನುಮಾನ ಕಂಡವರಲ್ಲಿ ಎಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಕೆಲವರಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇದ್ದು, ಸಣ್ಣ ಚಿಕಿತ್ಸೆಯಿಂದಲೇ ಗುಣವಾಗುತ್ತದೆ. ಆದರೆ ಇದನ್ನು ತಿಳಿಯಲು ಅವರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಲೇಬೇಕು. "ಸೂಜಿ ಚುಚ್ಚಿದರೆ, ತುಣುಕು ತೆಗೆದರೆ ರೋಗ ಹರಡುತ್ತದೆ" ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಆ ಭಯದಿಂದ ಪರೀಕ್ಷೆಯನ್ನು ಮುಂದೂಡುವುದರಿಂದ ಹಾನಿಯೇ ಹೆಚ್ಚು. ತುಣುಕಿನ ಪರೀಕ್ಷೆಯಿಲ್ಲದೆ ರೋಗ ಖಚಿತವಾಗದು, ಸರಿಯಾದ ಚಿಕಿತ್ಸೆಯೂ ಆರಂಭವಾಗದು.

ಅನುಮಾನ ಕಂಡ ಪ್ರತಿಯೊಬ್ಬರಿಗೂ ನಾಲ್ಕು ವಿಷಯಗಳು ಅದೇ ದಿನ ತಿಳಿಯಬೇಕು: ಯಾವ ಆಸ್ಪತ್ರೆ, ಯಾವ ದಿನ, ಜೊತೆಗೆ ಬರುವವರು ಯಾರು, ಹೋಗುವ ವಾಹನ ಯಾವುದು. ಆಶಾ ಕಾರ್ಯಕರ್ತೆ ಅಥವಾ ಸ್ವಸಹಾಯ ಸಂಘದ ಸದಸ್ಯೆ ಜೊತೆಗಿದ್ದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ತೀರಾ ಬಡವರ ಪ್ರಯಾಣದ ಖರ್ಚಿನ ಬಗ್ಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯು ತನ್ನ ಮುಕ್ತ ನಿಧಿಯ ಮಾರ್ಗಸೂಚಿಯನ್ನು ನೋಡಿಕೊಂಡು ತೀರ್ಮಾನಿಸಬಹುದು. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಕೂಸಿನ ಮನೆ ಆ ದಿನ ನೆರವಾಗಬಲ್ಲದು.

ರೋಗ ಖಚಿತವಾದವರಿಗೆ ದಾರಿಗಳಿವೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ, ನಿಗದಿತ ಅವಧಿಯ ವಂತಿಗೆ ಸಂದಾಯವಾಗಿದ್ದರೆ, ಕ್ಯಾನ್ಸರಿನಂತಹ ದೀರ್ಘಕಾಲದ ಕಾಯಿಲೆಯಲ್ಲಿ ವೇತನದ ಶೇಕಡ 80ರಷ್ಟು ವಿಸ್ತೃತ ಅನಾರೋಗ್ಯ ಭತ್ಯೆ ಎರಡು ವರ್ಷಗಳವರೆಗೆ ದೊರೆಯುತ್ತದೆ. ಇದು ತಿಳಿಯದೆ ರಾಜೀನಾಮೆ ಕೊಟ್ಟು ಮನೆಗೆ ಬಂದವರು ತಮಗೆ ಬರಬೇಕಾದ ಭತ್ಯೆಯನ್ನೇ ಕಳೆದುಕೊಳ್ಳುತ್ತಾರೆ. ಆದುದರಿಂದ ರೋಗ ತಿಳಿದ ದಿನವೇ ರಾಜೀನಾಮೆ ಕೊಡಬೇಡಿರೆಂದು ಹೇಳುವುದೂ ಒಂದು ದೊಡ್ಡ ಸಹಾಯ.

ಪಂಚಾಯತಿಯ ಸಿಬ್ಬಂದಿಗೇ ರೋಗ ಬಂದಾಗ ಪರೀಕ್ಷೆಯು ಪಂಚಾಯತಿಯದು. ವಿಕಿರಣ ಚಿಕಿತ್ಸೆಗಾಗಿ ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಹಲವು ವಾರ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಆ ಅವಧಿಯಲ್ಲಿ ನೀರು ಬಿಡುವ ಕೆಲಸಕ್ಕೆ ತಾತ್ಕಾಲಿಕ ವ್ಯವಸ್ಥೆ ಮಾಡುವುದು ಬೇರೆ, ನೀರುಗಂಟಿಯ ಜಾಗವನ್ನೇ ಇನ್ನೊಬ್ಬರಿಗೆ ಕೊಟ್ಟುಬಿಡುವುದು ಬೇರೆ. ಮರಳಿ ಬಂದವರಿಗೆ ಕೆಲಕಾಲ ಹಗುರವಾದ ಕೆಲಸ ಕೊಡಬೇಕು. ಜಾಗ ಉಳಿಯುತ್ತದೆಂಬ ಭರವಸೆ ಇದ್ದವರು ಮಾತ್ರ ಮುಂದೆ ತಪಾಸಣೆಗೆ ಮನಸ್ಸು ಬಿಚ್ಚಿ ಬರುತ್ತಾರೆ.

ಗುಟ್ಟು ಮತ್ತು ಗೌರವ

ಶಿಬಿರದ ಭಾವಚಿತ್ರಗಳು ಅದೇ ಸಂಜೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವುದು ರೂಢಿಯಾಗಿದೆ. ಕ್ಯಾನ್ಸರ್ ತಪಾಸಣೆಯಲ್ಲಿ ಇದು ಸಲ್ಲದು. ಯಾರು ತಪಾಸಣೆಗೆ ಬಂದರು, ಯಾರಿಗೆ ಅನುಮಾನ ಕಂಡಿತು ಎಂಬ ವಿವರ ಆರೋಗ್ಯ ಸಿಬ್ಬಂದಿಯ ದಾಖಲೆಯಲ್ಲಿ ಮಾತ್ರ ಇರಬೇಕು. ಅದು ಅಧ್ಯಕ್ಷರಿಗಾಗಲಿ, ಕಾರ್ಖಾನೆಯ ಮೇಲ್ವಿಚಾರಕರಿಗಾಗಲಿ ತಿಳಿಯಬೇಕಾದ ಸಂಗತಿಯಲ್ಲ. ತಪಾಸಣೆ ಕಡ್ಡಾಯವಾಗಬಾರದು, ಒಲ್ಲೆನೆಂದವರ ಮೇಲೆ ಒತ್ತಡ ಹೇರಬಾರದು. ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ರೋಗಿಯ ಕೈಯ ಊಟ, ಪಕ್ಕದ ಆಸನ ಯಾವುದೂ ಅಪಾಯವಲ್ಲ. ಈ ಮಾತನ್ನು ಗ್ರಾಮಸಭೆಯಲ್ಲಿ ವೈದ್ಯಾಧಿಕಾರಿಗಳಿಂದಲೇ ಹೇಳಿಸಬೇಕು.

ಪಂಚಾಯತಿ ಕೇಳಬೇಕಾದುದು ಹೆಸರುಗಳನ್ನಲ್ಲ, ಐದು ಸಂಖ್ಯೆಗಳನ್ನು: ಅರ್ಹರು ಎಷ್ಟು, ತಪಾಸಣೆ ಆದವರು ಎಷ್ಟು, ಮುಂದಿನ ಪರೀಕ್ಷೆಗೆ ಸೂಚಿಸಲ್ಪಟ್ಟವರು ಎಷ್ಟು, ಅವರಲ್ಲಿ ಆಸ್ಪತ್ರೆ ತಲುಪಿದವರು ಎಷ್ಟು, ಚಿಕಿತ್ಸೆ ಬೇಕಾದವರಲ್ಲಿ ಪಡೆಯುತ್ತಿರುವವರು ಎಷ್ಟು. ಎರಡನೆಯ ಸಂಖ್ಯೆ ದೊಡ್ಡದಾಗಿದ್ದರೆ ಭಾವಚಿತ್ರಕ್ಕೆ ಒಳ್ಳೆಯದು. ಆದರೆ ಮೂರನೆಯ ಮತ್ತು ನಾಲ್ಕನೆಯ ಸಂಖ್ಯೆಗಳು ಸಮನಾಗಿದ್ದರೆ ಮಾತ್ರ ಕೆಲಸ ನಡೆದಿದೆ ಎಂದರ್ಥ. ಹತ್ತು ಜನರನ್ನು ಸೂಚಿಸಿ ನಾಲ್ವರು ಮಾತ್ರ ಆಸ್ಪತ್ರೆ ತಲುಪಿದ್ದರೆ, ಉಳಿದ ಆರು ಜನರು ಎಲ್ಲಿ ನಿಂತರು ಎಂಬುದೇ ಆ ತಿಂಗಳ ಸಭೆಯ ಚರ್ಚೆಯಾಗಬೇಕು.

ತಂಬಾಕು

ತಪಾಸಣೆಗಿಂತ ಮೊದಲಿನ ಕೆಲಸವೂ ಒಂದಿದೆ. ಬಾಯಿಯ ಕ್ಯಾನ್ಸರಿಗೆ ತಂಬಾಕು ಮುಖ್ಯ ಕಾರಣ. ತಂಬಾಕು ಬೆರೆಸದ ಅಡಿಕೆಯನ್ನು ಅಗಿಯುವುದರಿಂದಲೂ ಅಪಾಯವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದೆ. ರಾಜ್ಯದಲ್ಲಿ ಗುಟ್ಕಾ 2013ರಿಂದ ನಿಷೇಧಕ್ಕೊಳಗಾಗಿದೆ. ಶಾಲೆಗಳ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯ್ದೆ ನಿರ್ಬಂಧಿಸಿದೆ. ಪಂಚಾಯತಿ ಕಚೇರಿ, ಕಾಮಗಾರಿಯ ಸ್ಥಳ ಮತ್ತು ಸಭೆಗಳು ತಂಬಾಕುಮುಕ್ತವಾಗಿರಲಿ. ಬಾಯಿಯ ತಪಾಸಣೆಯ ದಿನವೇ ತಂಬಾಕು ಬಿಡುವ ಸಲಹೆಯೂ ದೊರೆಯಲಿ; ಆ ಕ್ಷಣದಲ್ಲಿ ಮಾತು ಮನಸ್ಸಿಗೆ ನಾಟುತ್ತದೆ.

ಮುಂದಿನ ಸಭೆಗೆ ಒಂದು ನಿರ್ಣಯ

ಈ ಕಾರ್ಯವನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಆರೋಗ್ಯಕರ ಗ್ರಾಮ ಎಂಬ ಗುರಿಯಡಿ ಸೇರಿಸಬಹುದು. ಮುಂದಿನ ಸಾಮಾನ್ಯ ಸಭೆಯ ಪರಿಶೀಲನೆಗಾಗಿ ಈ ಕೆಳಗಿನ ಮಾದರಿಯನ್ನು ನೀಡಲಾಗಿದೆ:

"ಪಂಚಾಯತಿ ವ್ಯಾಪ್ತಿಯ ದುಡಿಯುವ ಸ್ಥಳಗಳ ಪಟ್ಟಿಯನ್ನು ಒಂದು ತಿಂಗಳೊಳಗೆ ತಯಾರಿಸುವುದು, ವೈದ್ಯಾಧಿಕಾರಿಗಳೊಡನೆ ಸಮಾಲೋಚಿಸಿ ವಾರಕ್ಕೊಂದು ತಪಾಸಣಾ ದಿನವನ್ನು ಗೊತ್ತುಪಡಿಸುವುದು, ಪಂಚಾಯತಿ ಸಿಬ್ಬಂದಿಯ ತಪಾಸಣೆ ಮತ್ತು ಎರಡನೆಯ ಭೇಟಿಯ ವೇಳೆಯನ್ನು ಕರ್ತವ್ಯವೆಂದು ಪರಿಗಣಿಸುವುದು, ಮುಂದಿನ ಪರೀಕ್ಷೆಗೆ ಸೂಚಿಸಲ್ಪಟ್ಟವರ ಪ್ರಯಾಣ ಮತ್ತು ಜೊತೆಗಾರರ ವ್ಯವಸ್ಥೆ ಮಾಡುವುದು, ಯಾರ ಹೆಸರನ್ನೂ ಬಹಿರಂಗಪಡಿಸದೆ ಐದು ಸಂಖ್ಯೆಗಳನ್ನು ಪ್ರತಿ ತಿಂಗಳ ಸಭೆಯಲ್ಲಿ ಮಂಡಿಸುವುದು ಎಂದು ಸಭೆಯು ತೀರ್ಮಾನಿಸಿತು."

ಈ ನಿರ್ಣಯದಲ್ಲಿ ದೊಡ್ಡ ಮೊತ್ತದ ಅನುದಾನವನ್ನು ಬೇಡುವ ಸಾಲು ಒಂದೂ ಇಲ್ಲ. ತಪಾಸಣೆ ಮಾಡುವ ಸಿಬ್ಬಂದಿ ಈಗಾಗಲೇ ಇದ್ದಾರೆ, ಚಿಕಿತ್ಸೆಯ ಯೋಜನೆಯೂ ಇದೆ. ಇವೆರಡರ ನಡುವಿನ ದಾರಿಯಲ್ಲಿ ನಿಂತುಹೋದವರ ಕೈಹಿಡಿದು ಮುಂದಕ್ಕೆ ನಡೆಸುವ ಕೆಲಸವೊಂದೇ ಬಾಕಿ ಉಳಿದಿರುವುದು. ಆ ಜನರು ಯಾರ ವಾರ್ಡಿನವರು, ಯಾವ ಓಣಿಯವರು ಎಂಬುದನ್ನು ಸದಸ್ಯರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.